ಎರಡು ಅಮಾವಾಸ್ಯೆಯ ಆಟಿ

ಹೋದ ವಾರ ಕುಂಬ್ರದಲ್ಲಿ ನೆಂಟರೊಬ್ಬರ ಮನೆಯೊಕ್ಕಲಿನ ಊಟ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಅಂಗಡಿಯ ಮುಂದೆ ಒಂದು ಪಿಕಪ್ ಬಂದು ನಿಂತಿತು. ಹಿಂದೆ ತುಂಬ ಗೋಣಿಚೀಲ. ಗಾಳಿ ನಮ್ಮ ಕಡೆ ತಿರುಗಿದ್ದೇ ತಡ, ನಿಂತವರೆಲ್ಲ ಒಮ್ಮೆಲೇ ಮೂಗಿಗೆ ಕೈ ಹಾಕಿದರು. ಒಟ್ಟುಪಾಲು. ರಬ್ಬರಿನ ಹಾಲು ಸಂಗ್ರಹಿಸಿದ ಮೇಲೆ ಗೆರಟೆಯ ತಳದಲ್ಲಿ, ಮರದ ಗೀರಿನಲ್ಲಿ ಉಳಿದು ಒಣಗಿದ್ದನ್ನು ಕಿತ್ತು ಚೀಲಕ್ಕೆ ತುಂಬುತ್ತಾರಲ್ಲ, ಅದು. ಹುಳಿ ಮಜ್ಜಿಗೆಗೂ ಸತ್ತ ಇಲಿಗೂ ಸಂಬಂಧ ಕುದುರಿಸಿದ ಹಾಗಿನ ವಾಸನೆ.

"ಗಾಡಿ ಸ್ವಲ್ಪ ಮುಂದೆ ತೆಗೀರಿ ಮಾರಾಯ್ರೆ, ಉಂಡ ಹೋಳಿಗೆ ಮೇಲೆ ಬರ್ತಾ ಉಂಟು" ಎಂದಳು ನನ್ನ ಪಕ್ಕದ ಹೆಂಗಸು.

"ಇದೇ ವಾಸನೆಯಲ್ಲಿ ಅಕ್ಕ, ನನ್ನ ಮನೆಯಲ್ಲಿ ಹೋಳಿಗೆ ಆಗುದು" ಎಂದು ನಕ್ಕು ಪಿಕಪ್ಪಿನವನು ಗಾಡಿ ಮುಂದೆ ತೆಗೆದ.

ನಾನೊಬ್ಬ ಮೂಗು ಮುಚ್ಚಿಕೊಂಡಿರಲಿಲ್ಲ. ಕಾಣಿಯೂರಿನಲ್ಲಿ ಮೊನ್ನೆ ಮೊನ್ನೆಯವರೆಗೆ ರಬ್ಬರ್ ಶೀಟಿನ ವ್ಯಾಪಾರ ಮಾಡಿಕೊಂಡಿದ್ದವನಿಗೆ ಅದು ಹೊಸತಲ್ಲ. ಆದರೆ ಆ ಗಳಿಗೆಯಲ್ಲಿ ನೆನಪಾದದ್ದು ಅಂಗಡಿಯಲ್ಲ, ರಾಕಮ್ಮ. ನಮ್ಮ ಸೆಲ್ವರಾಜನ ಅಕ್ಕ. ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಒಟ್ಟುಪಾಲಿನ ಚೀಲದ ಹತ್ತಿರವೇ ಸ್ಟೂಲು ಎಳೆದು ಕೂತಿದ್ದಳು. "ಆಚೆ ಕೂತುಕೊಳ್ಳಿ ಅಕ್ಕ, ವಾಸನೆ" ಎಂದರೆ, "ಚೆನ್ನೈಯಲ್ಲಿ ತಂಬಿಯನ್ನು ತಬ್ಬಿಕೊಂಡಾಗ ಅವನ ಅಂಗಿಯಲ್ಲಿ ಇದ್ದದ್ದು ಇದೇ. ಫೋನಿನಲ್ಲಿ ಎಷ್ಟು ನೋಡಿದ್ದರೂ ಎದುರಿಗೆ ಮುಖ ಗುರ್ತ ಸಿಗಲಿಲ್ಲ. ಈ ವಾಸನೆಯೇ ನನಗೆ ತಂಬಿ" ಎಂದಿದ್ದಳು. ತಮ್ಮ ಸೆಲ್ವನನ್ನು ಆಕೆ ಕರೆಯುತ್ತಿದ್ದದ್ದು ತಂಬಿ ಎಂದು. ನಮ್ಮ ಜಡಿಮಳೆಯ ತಿಂಗಳು ಆಟಿಯಲ್ಲಿ ಎರಡು ಅಮಾವಾಸ್ಯೆ ಬಂದ ವರ್ಷ ಅದು. ಬಹಳ ಹಿಂದಿನದೇನಲ್ಲ. ಆದರೂ ನೆನೆಸಿಕೊಂಡರೆ ಎಷ್ಟೋ ಕಾಲವಾದ ಹಾಗೆ ಅನಿಸುತ್ತದೆ.

ಸೆಲ್ವ ನಮ್ಮ ಊರಿಗೆ ಬಂದದ್ದು ಶಾಲೆಗೆ ಹೋಗುವ ವಯಸ್ಸಿನಲ್ಲಿ. ಸಿಲೋನಿನ ಚಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ತಮಿಳರನ್ನು ಯಾರು ಇಟ್ಟುಕೊಳ್ಳುವುದು ಎಂದು ಎರಡು ಸರಕಾರಗಳು ಕೂತು ಮಾತಾಡಿ, ಇಷ್ಟು ಮಂದಿ ನಿಮಗೆ, ಇಷ್ಟು ಮಂದಿ ನಮಗೆ ಎಂದು ಒಪ್ಪಂದ ಮಾಡಿಕೊಂಡಿದ್ದವು. ಮನೆ ಪಾಲಾಗುವಾಗ ತಾಮ್ರದ ಹಂಡೆ, ಹಿತ್ತಾಳೆ ಚೆಂಬು ಹಂಚಿಕೊಂಡ ಹಾಗೆ. ನಮ್ಮ ಪಾಲಿಗೆ ಬಂದವರನ್ನು ಸುಳ್ಯ, ಪುತ್ತೂರು ಕಡೆಯ ಗುಡ್ಡಗಳಲ್ಲಿ ಸರಕಾರದ ರಬ್ಬರ್ ತೋಟ ಎಬ್ಬಿಸಿ ಕೆಲಸಕ್ಕೆ ಹಚ್ಚಿದರು. ಸೆಲ್ವನ ಅಪ್ಪ, ಅಮ್ಮ, ಸೆಲ್ವ ಮೂವರು ಹಾಗೆ ಬಂದವರು. ಅವನ ಅಕ್ಕ ರಾಕಮ್ಮನಿಗೆ ಅಷ್ಟರಲ್ಲಿ ಮದುವೆಯಾಗಿತ್ತು. ಗಂಡನ ಮನೆಯವರು ಅಲ್ಲಿಯ ಪಾಲಿಗೆ ಬಿದ್ದಿದ್ದರು. ಹಂಡೆ ಇಲ್ಲಿ, ಅದರ ಮುಚ್ಚಳ ಅಲ್ಲಿ.

ಸೆಲ್ವನಿಗೆ ಕನ್ನಡ ಕಲಿಸಿದ್ದು ಶಾಲೆಯಲ್ಲ, ನಮ್ಮ ಅಜ್ಜಿ. ಶಾಲೆ ಬಿಟ್ಟು ಬರುವಾಗ ನಮ್ಮಿಬ್ಬರನ್ನೂ ಕರೆದು ಕೂರಿಸಿ ಗಂಜಿ ಬಡಿಸಿ, ಒಂದೊಂದೇ ಪಾತ್ರೆ ಎತ್ತಿ ತೋರಿಸಿ ಹೆಸರು ಹೇಳಿಸುತ್ತಿದ್ದಳು. ಅಜ್ಜಿಗೆ ಬರುತ್ತಿದ್ದದ್ದು ನಮ್ಮ ಗೌಡರ ಮನೆಮಾತು ಅರೆಭಾಷೆ. ಹಾಗಾಗಿ ಅವನು ತರಗತಿಯಲ್ಲಿ ಬಾಯಿಬಿಟ್ಟ ದಿನ ಮೇಷ್ಟ್ರು ಬಿದ್ದು ಬಿದ್ದು ನಕ್ಕರು. "ಸಿಲೋನಿನಿಂದ ಬಂದವ ಗೌಡ್ರ ಮಾತಾಡ್ತಾನಲ್ಲ!" ಅವನಿಂದ ನಾನು ತಮಿಳು ಕಲಿತೆ. ಮೊದಲು ಬೈಗುಳ, ಮತ್ತೆ ಉಳಿದದ್ದು. ಅಂದಿನಿಂದ ನಾನು ಕುಶಾಲಪ್ಪ ಹೋಗಿ ಅವನಿಗೆ 'ಕುಶಾಲು' ಆದೆ.

ಒಂದು ವಿಷಯದಲ್ಲಿ ಮಾತ್ರ ಅವನು ನಮ್ಮವನಾಗಲೇ ಇಲ್ಲ. ಕಾಗದಪತ್ರದ ಹೆದರಿಕೆ. ನಮ್ಮಲ್ಲಿ ಕರೆಂಟು ಬಿಲ್ಲು ಬಂದರೆ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ, ಲೈನ್‌ಮನ್ ಫ್ಯೂಸ್ ತೆಗೆಯಲು ಬಂದಾಗ ಹುಡುಕುವುದು ರೂಢಿ. ಸೆಲ್ವ ಬಿಲ್ಲು ಕೈಗೆ ಬಂದ ದಿನವೇ ಕಟ್ಟಿ ಬರುವವನು. ರೇಶನ್ ಕಾರ್ಡಿಗೆ ಬೆರಳೊತ್ತಬೇಕೆಂದರೆ ಬಾಗಿಲು ತೆಗೆಯುವ ಮೊದಲೇ ಹೋಗಿ ಮೆಟ್ಟಿಲಲ್ಲಿ ಕೂತಿರುವವನು. ಇದು ಅವನ ಅಪ್ಪನ ಬಳುವಳಿ. ಅಲ್ಲಿ ಅವರ ಪಕ್ಕದ ಮನೆಯಲ್ಲೊಬ್ಬನಿಗೆ ದೇಶ ಬಿಡಲು ಕೊಟ್ಟ ತಾರೀಕು ದಾಟಿತ್ತಂತೆ. ಹೆಂಡತಿಗೆ ದಿನ ತುಂಬಿತ್ತು, ಹೆರಿಗೆ ಆಗಲಿ ಎಂದು ಕಾದಿದ್ದ. ಬೆಳಗ್ಗೆ ಪೊಲೀಸ್ ಜೀಪು ಬಂತು. ಒಲೆಯ ಮೇಲೆ ಅನ್ನ ಬೇಯುತ್ತಿದ್ದ ಹಾಗೆಯೇ ಅವರನ್ನು ಹತ್ತಿಸಿಕೊಂಡು ರೈಲಿಗೆ ತುಂಬಿದರು. ಆ ರೈಲಿಗೆ ಅಲ್ಲಿಯವರು ಅಳುವ ರೈಲು ಎಂದೇ ಹೆಸರಿಟ್ಟಿದ್ದರಂತೆ. ಹೋಗುವವರು ಕಿಟಕಿಯಲ್ಲಿ, ಉಳಿಯುವವರು ಪ್ಲಾಟ್‌ಫಾರ್ಮಿನಲ್ಲಿ, ಎಲ್ಲರದ್ದೂ ಒಂದೇ ಸ್ವರ. ಸೆಲ್ವನ ಅಪ್ಪ ಸಾಯುವವರೆಗೂ ಹೇಳುತ್ತಿದ್ದದ್ದು ಒಂದೇ ಮಾತು: "ಸರಕಾರದ ಹತ್ತಿರ ಒಂದು ದಿನ ಹೆಚ್ಚು ಕೇಳಬೇಡ."

ಅಮ್ಮ ಸತ್ತಾಗ ರಾಕಮ್ಮನಿಗೆ ತಂತಿ ಮುಟ್ಟಿದ್ದೇ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ. ಆಮೇಲೆ ಕಾಲ ಬದಲಾಯಿತು. ಫೋನು ಬಂತು, ಫೋನಿನಲ್ಲಿ ಮುಖ ಕಾಣುವ ಹಾಗಾಯಿತು. ಅವರ ದೇಶದಲ್ಲಿ ಗ್ಯಾಸಿಗೂ ಪೆಟ್ರೋಲಿಗೂ ಜನ ದಿನಗಟ್ಟಲೆ ಸಾಲು ನಿಂತ ಕಷ್ಟದ ವರ್ಷ ಕಳೆದ ಮೇಲೆ, ಕೊಲಂಬೋದ ಅಂಗಡಿಯಲ್ಲಿ ಕೆಲಸಕ್ಕಿರುವ ಮೊಮ್ಮಗಳು ರಾಕಮ್ಮನಿಗೆ ಪಾಸ್‌ಪೋರ್ಟ್ ಮಾಡಿಸಿದಳು. "ಸಾಯುವ ಮೊದಲು ಅಮ್ಮನಿಗೆ ಒಂದು ಎಲೆ ಇಡಬೇಕು. ಅಮ್ಮ ಮಲಗಿದಲ್ಲೇ ಇಡಬೇಕು" ಎಂಬುದು ರಾಕಮ್ಮನ ಒಂದೇ ಹಟ. ಎಲೆ ಇಡುವುದೆಂದರೆ ಆಟಿ ಅಮಾವಾಸ್ಯೆಯ ದಿನ ಸತ್ತವರಿಗೆ ಅನ್ನ ಬಡಿಸುವುದು. ನಮ್ಮಲ್ಲೂ ಆ ದಿನಕ್ಕೆ ಮರ್ಯಾದೆ ಉಂಟು. ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುತ್ತೇವೆ, ಹೋದವರನ್ನು ನೆನೆಯುತ್ತೇವೆ. ತಮಿಳಿನವರ ಆಡಿ ಅಮಾವಾಸ್ಯೆ, ನಮ್ಮ ಆಟಿ ಅಮಾವಾಸ್ಯೆ ಎರಡೂ ಒಂದೇ ಎಂದುಕೊಂಡೇ ನಾನೂ ಸೆಲ್ವನೂ ದೊಡ್ಡವರಾದದ್ದು.

ಸೆಲ್ವ ಗೋಡೆಯ ಕ್ಯಾಲೆಂಡರ್ ನೋಡಿ ಫೋನಿನಲ್ಲಿ ದಿನ ಹೇಳಿದ. ಆ ದಿನಕ್ಕೆ ಸರಿಯಾಗಿ, ಹಿಂದೆ ಮುಂದೆ ಸ್ವಲ್ಪ ದಿನ ಸಿಗುವ ಹಾಗೆ, ಮೊಮ್ಮಗಳು ಒಂದು ತಿಂಗಳ ವೀಸಾ, ಹೋಗಿಬರುವ ಟಿಕೆಟ್ ಎಲ್ಲ ಮಾಡಿಸಿದಳು. ಚೆನ್ನೈಗೆ ಹೋಗಿ ಸೆಲ್ವನೇ ಕರೆದುಕೊಂಡು ಬಂದ.

ಮಳೆ ಆಗ ಬಿಡುವಿಲ್ಲದೆ ಹೊಯ್ಯುತ್ತಿತ್ತು. ರಬ್ಬರ್ ಮರಗಳಿಗೆ ಮಳೆ ತಾಗದ ಹಾಗೆ ಪ್ಲಾಸ್ಟಿಕ್ಕಿನ ಲಂಗ ಕಟ್ಟಿದರೂ ಗೀರಿ ಹಾಲು ತೆಗೆಯುವ ಟ್ಯಾಪಿಂಗ್ ನಡೆದ ದಿನಗಳು ಕಡಿಮೆ. ಹಾಗಾಗಿ ಸೆಲ್ವ ಇರುವ ತೋಟದ ಕಾಲನಿಯವರಿಗೆಲ್ಲ ಪುರುಸೊತ್ತು. ಸಿಲೋನ್ ಅಕ್ಕನನ್ನು ನೋಡಲು ದಿನವೂ ಜನ. ಆಕೆ ತಂದ ಚಾ ಹುಡಿಯನ್ನು ಮನೆಗೊಂದು ಚಮಚದಂತೆ ಹಂಚಿದ್ದಾಯಿತು. ಎಂಥ ಬೆರಳು ಮಾರಾಯ್ರೆ ಆಕೆಯದ್ದು! ಸೆಲ್ವನ ಹೆಂಡತಿ ಪುಷ್ಪ ಪಲ್ಯಕ್ಕೆಂದು ಗುಡ್ಡದ ಬದಿಯಲ್ಲಿ ತಜಂಕಿನ ಚಿಗುರು ಕೊಯ್ಯಲು ಹೊರಟರೆ ರಾಕಮ್ಮ ಹಿಂದೆಯೇ ಹೋದಳು. ಪುಷ್ಪ ಮುಷ್ಟಿ ತುಂಬಿಸುವಷ್ಟರಲ್ಲಿ ಆಕೆಯ ಸೆರಗು ತುಂಬಿತ್ತು. ಎರಡು ಎಲೆ, ಒಂದು ಮೊಗ್ಗು. ಚಾ ಗಿಡವಲ್ಲ ಎಂದು ಕಣ್ಣಿಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. "ಅತ್ತಿಗೆ, ಸಾಕು! ಇಡೀ ಕಾಲನಿಗೆ ಪಲ್ಯ ಮಾಡ್ಲಿಕ್ಕುಂಟಾ?" ಎಂದು ಪುಷ್ಪ ಕೂಗಿಕೊಂಡಳು.

ವಿದೇಶದವರು ಮನೆಯಲ್ಲಿ ಉಳಿದರೆ ಠಾಣೆಗೆ ತಿಳಿಸಬೇಕೆಂಬ ನಿಯಮ. ಅಕ್ಕ ಬಂದ ದಿನವೇ ಸೆಲ್ವ ತಿಳಿಸಿದ್ದ. ಒಂದು ಬೆಳಗ್ಗೆ ಬೀಟಿನ ಪೊಲೀಸ್ ಪೂವಪ್ಪ ರೈನ್‌ಕೋಟಿನಿಂದ ನೀರು ಇಳಿಸುತ್ತ ಜಗಲಿಗೆ ಹತ್ತಿದ. ಪೂವಪ್ಪ ನಮ್ಮ ಊರಿಗೆಲ್ಲ ಪರಿಚಯದವನು, ಬಾಯಿ ಸುಮ್ಮನಿರುವ ಮನುಷ್ಯನಲ್ಲ.

"ಎಂತ ಸೆಲ್ವಣ್ಣ, ಮನೆಯಲ್ಲಿ ಫಾರಿನ್‌ನವರು ಉಂಟಂತೆ? ನಾನು ಇಂಗ್ಲಿಷ್ ಪ್ರಾಕ್ಟೀಸ್ ಮಾಡಿಕೊಂಡು ಬಂದದ್ದು. ಎಲ್ಲಿ ಅವರು?"

ಜಗಲಿಯ ಮೂಲೆಯಲ್ಲಿ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದ ರಾಕಮ್ಮನನ್ನು ಸೆಲ್ವ ತೋರಿಸಿದ.

ಪೂವಪ್ಪ ಒಂದು ಗಳಿಗೆ ನೋಡಿದ. "ಇವರಾ? ನಮ್ಮ ದೊಡ್ಡಮ್ಮನ ಹಾಗೆ ಇದ್ದಾರಲ್ಲ ಮಾರಾಯ! ಬಿಳಿ ಮೇಡಂ ಅಂತ ನೆನೆಸಿದ್ದು ನಾನು."

ಅಲ್ಲೇ ಕೂತಿದ್ದ ನಾನು ತಮಿಳಿಗೆ ತಿರುಗಿಸಿ ಹೇಳಿದಾಗ ರಾಕಮ್ಮ ಬಾಯಿ ತುಂಬ ನಕ್ಕಳು. "ಅವರಿಗೆ ಹೇಳು, ಹುಟ್ಟಿದಲ್ಲಿ ನಮ್ಮನ್ನು ಇಂಡಿಯಾದವರು ಅಂತ ಕರೀತಿದ್ರು. ಇಂಡಿಯಾಕ್ಕೆ ಬಂದ ಮೇಲೆ ಫಾರಿನ್ ಆದೆ. ಒಂದು ಕಡೆಯಾದರೂ ಸರಿಯಾಗಿ ಬರೆದುಕೊಳ್ಳಲಿ ಅಂತ."

ಪೂವಪ್ಪ ನಗಲಿಲ್ಲ. ಚಾ ಕುಡಿದು, ಫೋಟೋ ಹಿಡಿದು, ಹೋಗುವಾಗ ಕೈಮುಗಿದು ಹೋದ.

ಅಮಾವಾಸ್ಯೆ ಬಂತು. ಆಟಿ ಹುಟ್ಟಿದ ದಿನವೇ ಆ ವರ್ಷ ಅಮಾವಾಸ್ಯೆ. ನಾನು ಹಾಲೆಯ ಕಷಾಯ ಕುಡಿದು, ಮೇಲೆ ಮೆಂತೆ ಗಂಜಿ ಉಂಡು ಸೆಲ್ವನಲ್ಲಿಗೆ ಹೋದೆ. ಪುಷ್ಪ ಸ್ನಾನ ಮಾಡಿ ಅಡುಗೆಗೆ ಇಳಿದಿದ್ದಳು. ರಾಕಮ್ಮ ಮಾತ್ರ ಎದ್ದ ಹಾಗೆಯೇ ಕೂತಿದ್ದಾಳೆ. ಮೊಮ್ಮಗಳು ಫೋನಿನಲ್ಲಿ ಹೇಳಿದಳಂತೆ: ಅಲ್ಲಿ ಅವರ ಪಂಚಾಂಗದಲ್ಲಿ ಆಡಿ ಅಮಾವಾಸ್ಯೆ ಇವತ್ತಲ್ಲ. ಈ ಸಲ ತಿಂಗಳಲ್ಲಿ ಎರಡು ಅಮಾವಾಸ್ಯೆ ಬಿದ್ದಿದೆ. ಎರಡು ಬಂದರೆ ಅವರಿಗೆ ಹಿಂದಿನದ್ದಲ್ಲ, ತಿಂಗಳ ಕೊನೆಯದ್ದೇ ಲೆಕ್ಕ.

ಸೆಲ್ವ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಹಾಳೆ ತಿರುವಿದ. ಕೊನೆಯ ಅಮಾವಾಸ್ಯೆ ವೀಸಾ ಮುಗಿದು ಒಂದು ವಾರಕ್ಕೆ.

"ಇಲ್ಲಿ ಇವತ್ತೇ ಅಂತ ಹಾಕಿದ್ದಾರೆ ಅಕ್ಕ. ಊರೆಲ್ಲ ಕಷಾಯ ಕುಡೀತಾ ಉಂಟು" ಎಂದ.

"ಅದು ಇವರ ಆಟಿ. ನಮ್ಮ ಅಮ್ಮ ಯಾವ ಆಡಿಗೆ ಎಲೆ ಇಡ್ತಿದ್ದಳು ಅಂತ ನಿನಗೆ ನೆನಪಿಲ್ವಾ ತಂಬಿ?"

ಅವನಿಗೆ ನೆನಪಿರಲಿಲ್ಲ. ಎಲ್ಲಿಂದ ನೆನಪಿರಬೇಕು? ಅವನು ಬೆಳೆದದ್ದು ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ. ನಮ್ಮ ಹಬ್ಬ ಅವನ ಹಬ್ಬ, ನಮ್ಮ ಆಟಿ ಅವನ ಆಟಿ. ಎರಡು ಅಮಾವಾಸ್ಯೆಯ ಆಟಿ ಯಾವಾಗಲೋ ಅಪರೂಪಕ್ಕೆ ಬರುವುದು. ಇಷ್ಟು ವರ್ಷ ಎರಡೂ ಒಂದೇ ದಿನವಾಗಿ ನಡೆದುಕೊಂಡು ಬಂದದ್ದರಿಂದ, ಅಕ್ಕ ತಮ್ಮ ಬೇರೆ ಬೇರೆ ಲೆಕ್ಕಕ್ಕೆ ಸೇರಿದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ. ಸೆಲ್ವ ನಾಚಿಕೆಯಿಂದ ಕುಗ್ಗಿದ್ದನ್ನು ನಾನು ಕಂಡೆ. ಅಮ್ಮನ ಅಮಾವಾಸ್ಯೆ ಗೊತ್ತಿಲ್ಲದ ಮಗ.

ಆ ದಿನ ನಾವು ಗುಡ್ಡದ ಮೇಲಿನ ಹೂಳುವ ಜಾಗಕ್ಕೆ ಹೋದೆವು. ಜಿಗಣೆಗೆ ಕಾಲಿಗೆ ಸುಣ್ಣ ಹಚ್ಚಿಕೊಂಡು, ಕೊಡೆ ಹಿಡಿದುಕೊಂಡು. ರಾಕಮ್ಮನ ಮೊಣಗಂಟು ಬೀಗಿತ್ತು, ಆದರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಸೆಲ್ವ ಜಾಗ ತೋರಿಸಿದ. ತಲೆಯ ಕಡೆ ಒಂದು ಕಾಡುಕಲ್ಲು, ಸುತ್ತ ಹುಲ್ಲು. ರಾಕಮ್ಮ ಅಳುತ್ತಾಳೆಂದು ನಾನು ಸಿದ್ಧನಾಗಿದ್ದೆ. ಆಕೆ ಕೂತು, ಮಣ್ಣಿನ ಮೇಲೆ ಅಂಗೈ ಊರಿ, ಹುಷಾರಿಲ್ಲದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಸ್ವಲ್ಪ ಹೊತ್ತು ಇದ್ದಳು. ಪುಷ್ಪ ತಂದ ಅನ್ನ ಬಡಿಸಲು ಹೋದಾಗ ತಡೆದಳು.

"ಇವತ್ತು ಬೇಡ. ಇವತ್ತು ಇಟ್ಟರೆ ಅಮ್ಮ ಬರುದಿಲ್ಲ."

"ಅಮ್ಮನಿಗೆ ಮಗಳು ಬಂದದ್ದು ಗೊತ್ತಾಗುದಿಲ್ವಾ ಅತ್ತಿಗೆ? ಬರ್ತಾರೆ, ಇಡಿ."

"ನನಗೆ ಒಂದು ತಿಂಗಳ ವೀಸಾ ಪುಷ್ಪಾ. ಅಮ್ಮನಿಗೆ ವರ್ಷಕ್ಕೆ ಒಂದೇ ದಿನದ್ದು" ಎಂದಳು ರಾಕಮ್ಮ. ಮಣ್ಣಿಗೆ ಬಗ್ಗಿ, ನಮಗೆ ಕೇಳದ ಹಾಗೆ ಏನೋ ಹೇಳಿದಳು. ಇನ್ನೊಮ್ಮೆ ಬರುತ್ತೇನೆ ಎಂದಿರಬೇಕು.

ಅಂದಿನಿಂದ ಆ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಅಕ್ಕ ಎರಡನೆಯ ಅಮಾವಾಸ್ಯೆಯವರೆಗೆ ಉಳಿಯಬಹುದೇ? ಪೂವಪ್ಪ ಒಮ್ಮೆ ನನ್ನ ಅಂಗಡಿಗೆ ಬಂದಾಗ ಸೆಲ್ವನೂ ಇದ್ದ. ನಾನೇ ಮಾತು ತೆಗೆದೆ.

"ಒಂದು ಅರ್ಜಿ ಕೊಟ್ಟು ನೋಡಿ" ಎಂದ ಪೂವಪ್ಪ. "ಮೊಣಗಂಟು ಬೀಗಿ ನಡೀಲಿಕ್ಕೆ ಆಗುದಿಲ್ಲ ಅಂತ ಡಾಕ್ಟ್ರದ್ದು ಒಂದು ಚೀಟಿ ಇಡಿ. ಸುಳ್ಳಲ್ಲವಲ್ಲ. ಮೇಲಿನವರಿಗೆ ಕಳಿಸ್ತಾರೆ. ಸಿಕ್ಕೇ ಸಿಗ್ತದೆ ಅಂತ ನಾನು ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ಕೇಳಿದವರನ್ನು ಯಾರೂ ತಿನ್ನುದಿಲ್ಲ ಮಾರಾಯ."

ಸೆಲ್ವ ತಲೆಯಾಡಿಸಿದ. ಪೂವಪ್ಪ ಹೋದ ಮೇಲೆ ಬೀಡಿ ಹಚ್ಚಿದ.

"ನಾಳೆ ಪುತ್ತೂರಿಗೆ ಹೋಗುವನಾ? ಡಾಕ್ಟ್ರಲ್ಲಿಗೆ?" ಎಂದೆ.

"ಬೇಡ ಕುಶಾಲು."

"ಎಂತಕ್ಕೆ?"

"ಕೇಳಿದರೆ ಬರೆದುಕೊಳ್ತಾರೆ."

"ಎಂತ ಬರೆದುಕೊಳ್ಳುದು?"

"ಅಕ್ಕ ಎಲ್ಲಿಯವಳು, ನಾನು ಎಲ್ಲಿಯವ, ಯಾವಾಗ ಬಂದದ್ದು, ಅಪ್ಪ ಯಾರು. ಎಲ್ಲ ಪುನಃ ಮೊದಲಿನಿಂದ. ಮಗಳ ಜಾತಿ ಸರ್ಟಿಫಿಕೇಟು ಇನ್ನೂ ತಾಲೂಕು ಆಫೀಸಿನಲ್ಲಿ ಕೂತುಂಟು. ನಿನಗೆ ಅರ್ಥ ಆಗುದಿಲ್ಲ. ನೀನು ಇಲ್ಲಿಯವ ಅಂತ ಯಾರೂ ನಿನ್ನ ಹತ್ತಿರ ಕೇಳಿದ್ದೇ ಇಲ್ಲ."

ಅವನು ಹೇಳಿದ್ದು ನಿಜ. ನಾನು ಇಲ್ಲಿಯವನೆಂದು ತೋರಿಸಲು ನನಗೆ ಈ ಜನ್ಮದಲ್ಲಿ ಯಾವ ಕಾಗದವೂ ಬೇಕಾಗಿರಲಿಲ್ಲ. ನಮ್ಮ ಮನೆಯ ಬೆಕ್ಕಿಗೂ ಬೇಕಾಗಿರಲಿಲ್ಲ.

ಮರುದಿನ ಸಂಜೆ ರಬ್ಬರ್ ಶೀಟಿನ ವಿಷಯಕ್ಕೆ ಸೆಲ್ವನಲ್ಲಿಗೆ ಹೋದವನು ಜಗಲಿಯಲ್ಲೇ ನಿಲ್ಲಬೇಕಾಯಿತು. ಒಳಗೆ ಅಕ್ಕ ತಮ್ಮನ ಮಾತು ಜೋರಾಗಿತ್ತು.

"ಒಂದು ವಾರ, ತಂಬಿ. ನಲವತ್ತು ಚಿಲ್ಲರೆ ವರ್ಷ ಕಾದಿದ್ದೇನೆ. ಒಂದು ವಾರ ಕೇಳ್ಲಿಕ್ಕೆ ನಿನಗೆ ಬಾಯಿ ಇಲ್ವಾ?"

"ಕೇಳುವ ಹಾಗಿಲ್ಲ ಅಕ್ಕ. ಅಪ್ಪ ಹೇಳಿದ್ದು ನೆನಪಿಲ್ವಾ?"

"ಅಪ್ಪ! ಅಪ್ಪ ಸತ್ತೂ ನಿನ್ನ ಒಳಗೆ ಕೂತು ಮಾತಾಡ್ತಾ ಇದ್ದಾನೆ."

"ಅಪ್ಪ ಹೇಳಿದ್ದು ಸುಳ್ಳಾ? ಆ ಜೀಪು ಸುಳ್ಳಾ?"

ಹೆಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು. ಮತ್ತೆ ರಾಕಮ್ಮನ ಸ್ವರ, ಈಗ ಮೆತ್ತಗೆ.

"ಸುಳ್ಳಲ್ಲ. ಆ ಜೀಪಿನ ಹಿಂದೆ ಓಡಿದವಳು ನಾನು. ಆದರೆ ಆಗ ನಮ್ಮನ್ನು ಅಟ್ಟಿದ್ದು ಪೊಲೀಸ್. ಈಗ ಪೊಲೀಸೇ ನಿಲ್ಲಿ ಅಂತಾನೆ, ಅಟ್ಟುದು ತಂಬಿ."

ಸೆಲ್ವ ಹೊರಗೆ ಬಂದ. ನಾನಿರುವುದು ಕಂಡರೂ ಕಾಣದ ಹಾಗೆ ಕೊಡೆಯೂ ಇಲ್ಲದೆ ಅಂಗಳಕ್ಕಿಳಿದು, ಮರಗಳ ಕಡೆಗೆ ನಡೆದ. ಆ ಮಳೆಗೆ ಮರಗಳಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ.

ಒಂದು ಮಾತು ಹೇಳಬೇಕು. ಸೆಲ್ವ ಕಲ್ಲೆದೆಯವನಲ್ಲ. ಅಕ್ಕ ಇದ್ದಷ್ಟು ದಿನ ಬೆಳಗ್ಗೆ ಎದ್ದು ಮೊದಲು ಆಕೆಯ ಕಾಲಿಗೆ ಬಿಸಿನೀರು ಕಾಯಿಸುತ್ತಿದ್ದವನು ಅವನೇ. ಊಟದಲ್ಲಿ ಮೀನಿನ ನಡುಭಾಗ ಅಕ್ಕನಿಗೆ. ರಾತ್ರಿ ಆಕೆಗೆ ಚಳಿಯಾಗುತ್ತದೆಂದು ತನ್ನ ಕಂಬಳಿ. ಆಕೆ ಉಳಿಯಲಿ ಎಂದು ಅವನಷ್ಟು ಬಯಸಿದವರು ಇರಲಿಕ್ಕಿಲ್ಲ. ಆದರೆ ಆ ಮನುಷ್ಯನಿಗೆ ಪ್ರೀತಿಯನ್ನು ತೋರಿಸುವ ದಾರಿ ಒಂದೇ ಗೊತ್ತಿದ್ದದ್ದು, ಅಕ್ಕನನ್ನು ಯಾರೂ ಜೀಪಿಗೆ ಹತ್ತಿಸದ ಹಾಗೆ ನೋಡಿಕೊಳ್ಳುವುದು. ಮಳೆಗೆ ರೈಲು ನಿಂತರೆ, ರಸ್ತೆಗೆ ಗುಡ್ಡ ಜರಿದರೆ ತಾರೀಕು ದಾಟೀತೆಂದು ಟಿಕೆಟನ್ನು ಇನ್ನೂ ಮುಂಚಿನ ದಿನಕ್ಕೆ ಬದಲಾಯಿಸಿದ. ರಾಕಮ್ಮನ ಜಗಳ ಮುಗಿದಿತ್ತು. ಆಮೇಲಿನ ದಿನಗಳಲ್ಲಿ ಪುಷ್ಪನ ಜೊತೆ ಹಪ್ಪಳ ಕರಿದಳು, ನನ್ನ ಹೆಂಡತಿಗೆ ಚಾ ಮಾಡುವ ಸರಿಯಾದ ಕ್ರಮ ಹೇಳಿಕೊಟ್ಟಳು, "ನೀವು ಮಾಡುದು ಚಾ ಅಲ್ಲ, ಬಣ್ಣದ ಹಾಲು" ಎಂದು ಗದರಿಸಿದಳು. ಗುಡ್ಡದ ಕಡೆಗೆ ಮಾತ್ರ ಹೋಗಲಿಲ್ಲ.

ಹೊರಡುವ ದಿನ ಪುತ್ತೂರು ರೈಲು ನಿಲ್ದಾಣದವರೆಗೆ ನಾನು ಹೋದೆ. ಚೆನ್ನೈವರೆಗೆ ಸೆಲ್ವ. ಮಧ್ಯಾಹ್ನದ ಮಳೆ ಹಳಿಗಳ ಮೇಲೆ ಹೊಗೆಯ ಹಾಗೆ ಏಳುತ್ತಿತ್ತು. ರಾಕಮ್ಮ ಬೆಂಚಿನಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ಸುಮ್ಮನಿರಲಾರದೆ, "ಮುಂದಿನ ಆಟಿಗೆ ಬನ್ನಿ ಅಕ್ಕ. ಮುಂದಿನ ವರ್ಷ ಅಮಾವಾಸ್ಯೆ ಒಂದೇ" ಎಂದೆ.

"ಬರ್ತೇನೆ ತಂಬಿ. ಕಾಲು ಬಂದರೆ ಬರ್ತೇನೆ."

ರೈಲು ಬಂತು. ಸೆಲ್ವ ಸಾಮಾನು ಏರಿಸಿ, ಅಕ್ಕನನ್ನು ಕಿಟಕಿಯ ಬದಿಗೆ ಕೂರಿಸಿ, ನೀರಿನ ಬಾಟಲಿ ತರಲು ಪುನಃ ಇಳಿದ. ಅವನು ಕಿಟಕಿಯ ಕೆಳಗೆ ನಿಂತು ಬಾಟಲಿ ಎತ್ತಿ ಕೊಡುವಾಗ ರಾಕಮ್ಮ ಅವನ ಕೈ ಬಿಡಲಿಲ್ಲ.

"ಅವತ್ತು ನೀನು ಒಳಗೆ, ನಾನು ಹೊರಗೆ" ಎಂದಳು. "ನಿನ್ನ ಮೂಗಿನಲ್ಲಿ ಸಿಂಬಳ ಇಳೀತಿತ್ತು. ಸೆರಗಿನಲ್ಲಿ ಒರಸ್ಲಿಕ್ಕೆ ಕೈ ಎತ್ತಿದೆ, ರೈಲು ಹೊರಟಿತು."

ಸೆಲ್ವ ಮುಖವನ್ನು ಕಿಟಕಿಯ ಸರಳಿಗೆ ತಂದ. ರಾಕಮ್ಮ ಸೆರಗಿನ ತುದಿ ಹೊರಗೆ ತೆಗೆದು, ಅರವತ್ತರ ಹತ್ತಿರದ ಆ ಮನುಷ್ಯನ ಮೂಗು ಒರಸಿದಳು. ಹತ್ತಿರ ನಿಂತಿದ್ದ ಕಾಲೇಜಿನ ಹುಡುಗಿಯರು ಕಿಸಕ್ಕೆಂದು ನಕ್ಕರು. ನಾನು ಬೇರೆ ಕಡೆ ನೋಡಿದೆ.

ಸೆಲ್ವ ಚೆನ್ನೈಯಿಂದ ಹಿಂದೆ ಬಂದ ಮೇಲೆ, ನಾನೂ ಅವನ ಜಗಲಿಯಲ್ಲಿದ್ದಾಗ, ಪೂವಪ್ಪ ಬಂದ. "ಎಲ್ಲಿ ನಮ್ಮ ಫಾರಿನ್ ದೊಡ್ಡಮ್ಮ?"

"ಹೋದ್ರು."

"ಹೋದ್ರಾ? ಇನ್ನೂ ದಿನ ಇತ್ತಲ್ಲ! ಎಂತ ಅವಸರ ಮಾರಾಯ? ನಾನು ನಮ್ಮ ಸಾಹೇಬರ ಹತ್ತಿರ ಹೇಳಿ ಇಟ್ಟಿದ್ದೆ. ಅರ್ಜಿ ತರ್ಲಿ, ಇವತ್ತೇ ಕಳಿಸುವ ಅಂದಿದ್ರು ಅವರು."

ಸೆಲ್ವ ಒಳಗೆ ಹೋಗಿ ಪೂವಪ್ಪನಿಗೆ ಚಾ ತಂದು ಕೊಟ್ಟ. ಅದು ಅಕ್ಕ ಬಿಟ್ಟುಹೋದ ಹುಡಿಯ ಚಾ. ಪೂವಪ್ಪ ಅದನ್ನು ಕುಡಿದು ಮುಗಿಸಿ ಎದ್ದ. ನನಗೆ ಆ ಹೊತ್ತು ಯಾರ ಮೇಲೆ ಸಿಟ್ಟು ಮಾಡಬೇಕೆಂದು ಗೊತ್ತಾಗಲಿಲ್ಲ. ಯಾವುದೋ ಊರಿನ ಯಾವುದೋ ಕೋಣೆಯಲ್ಲಿ, ಕೈಕುಲುಕಿ ಸಹಿ ಹಾಕಿದವರೆಲ್ಲ ಸತ್ತು ಎಷ್ಟೋ ವರ್ಷಗಳಾದವು. ಅವರಿಗೆ ಇದು ಎರಡು ದೇಶಗಳ ನಡುವಿನ ತಕರಾರು ಬಗೆಹರಿದ ಸಂತೋಷದ ದಿನವಾಗಿತ್ತೋ ಏನೋ. ಆ ಸಹಿಯ ಹೆದರಿಕೆ ಮಾತ್ರ ಇನ್ನೂ ಕಾಣಿಯೂರಿನ ಹತ್ತಿರದ ಒಂದು ಜಗಲಿಯಲ್ಲಿ ಕೂತಿತ್ತು. ಈಗ ಕಾನೂನೇ ಹೆದರಬೇಡವೆಂದರೂ ಅದು ಏಳಲೊಲ್ಲದು.

ರಾಕಮ್ಮ ಮುಂದಿನ ಆಟಿಗೆ ಬರಲಿಲ್ಲ. ಮರು ಮಳೆಗಾಲ ಹಿಡಿಯುವ ಮೊದಲೇ ತೀರಿಕೊಂಡಳು. ಸೆಲ್ವನಿಗೆ ಆಗಲೂ ಪಾಸ್‌ಪೋರ್ಟ್ ಇರಲಿಲ್ಲ. ಅರ್ಜಿ ಹಾಕಿದರೆ ಹುಟ್ಟಿದ ಊರು ಬರೆಯಬೇಕಲ್ಲ ಎಂದು ಹಾಕಿರಲಿಲ್ಲ. ಅಕ್ಕನ ಮಣ್ಣನ್ನು ಅವನು ನೋಡಿದ್ದು ಮೊಮ್ಮಗಳು ಕಳಿಸಿದ ಫೋಟೋದಲ್ಲಿ.

ಆದರೆ ನಾನು ಹೇಳಬೇಕೆಂದಿದ್ದದ್ದು ಸಾವಿನ ಸುದ್ದಿಯಲ್ಲ. ಆ ಎರಡನೆಯ ಅಮಾವಾಸ್ಯೆಯದ್ದು.

ಆ ದಿನ ನಮ್ಮ ಊರಿಗೆ ಅದು ಬರೀ ಒಂದು ಮಳೆಯ ದಿನ. ಯಾರ ಮನೆಯಲ್ಲೂ ಕಷಾಯವಿಲ್ಲ. ಸೆಲ್ವನ ಮನೆಯಲ್ಲಿ ಮಾತ್ರ ಪುಷ್ಪ ಪುನಃ ಸ್ನಾನ ಮಾಡಿ ಅಡುಗೆ ಮಾಡಿದಳು. ನಾವು ಮೂವರೂ ಗುಡ್ಡ ಹತ್ತಿದೆವು. ಸೆಲ್ವ ಹುಲ್ಲು ಸವರಿ ಜಾಗ ಮಾಡಿದ. ಬಾಳೆ ಎಲೆ ಹಾಸಿ, ಅನ್ನ, ಬದನೆಯ ಸಾರು, ಹಪ್ಪಳ, ವಡೆ, ಬೆಲ್ಲ ಎಲ್ಲ ಬಡಿಸಿಯಾಗುವಾಗ ಅವನ ಫೋನು ಹೊಡೆದುಕೊಂಡಿತು. ರಾಕಮ್ಮ. ಮೊಮ್ಮಗಳು ರಜೆ ಹಾಕಿ ಅಜ್ಜಿಯ ಹತ್ತಿರ ಬಂದು ಫೋನು ಹಿಡಿದಿದ್ದಳು.

ಸಣ್ಣ ಪರದೆಯಲ್ಲಿ ಅಲ್ಲಿಯ ತೋಟದ ಕೆಲಸದವರ ಲೈನ್ ಮನೆಯ ಅಂಗಳ ಕಂಡಿತು. ಅಲ್ಲೂ ಮೋಡ. ಹಿಂದೆ ಚಾ ಗಿಡಗಳ ಏರು. ರಾಕಮ್ಮ ಸ್ನಾನ ಮಾಡಿ ಕೂದಲು ಬಿಟ್ಟುಕೊಂಡು, ತುಂಬಿದ ಬಾಳೆ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಸೆಲ್ವ ಫೋನನ್ನು ತಿರುಗಿಸಿ ಕಲ್ಲನ್ನು, ಎಲೆಯನ್ನು ತೋರಿಸಿದ. ಆಕೆ ಕಣ್ಣು ಮುಚ್ಚಿ ತೆರೆದಳು.

"ತಂಬಿ, ಒಂದು ವಿಷಯ ಕೇಳ್ಬೇಕಿತ್ತು."

"ಕೇಳು ಅಕ್ಕ."

"ಇಲ್ಲಿ ಸತ್ತವರಿಗೆ ಎಲೆ ಇಡುದು ತೆಂಕಿಗೆ ಅಲ್ವಾ. ಎಲ್ಲರೂ ಹಾಗೆ ಇಡ್ತಾರೆ. ನಾನೂ ಇಷ್ಟು ವರ್ಷ ಹಾಗೆ ಇಟ್ಟೆ. ಅಮ್ಮ ಎಲ್ಲಿ ಅಂತ ನನಗೆ ಗೊತ್ತಿರಲಿಲ್ಲ. ಈಗ ನೋಡಿ ಬಂದೆ. ನಿಮ್ಮಲ್ಲಿಗೆ ಬರುವಾಗ ವಿಮಾನ ಪೂರಾ ಬಡಗಿಗೆ ಬಂತು ಅಂತ ಇವಳು ಹೇಳ್ತಾಳೆ. ಅಮ್ಮ ಇರುದು ಬಡಗಿನಲ್ಲಿ. ಈಗ ನಾನು ಯಾವ ಕಡೆಗೆ ಇಡ್ಲಿ?"

ಸೆಲ್ವ ನನ್ನ ಮುಖ ನೋಡಿದ. ನಾನು ಪುಷ್ಪನ ಮುಖ ನೋಡಿದೆ. ನಮ್ಮಲ್ಲಿ ಯಾರಿಗೆ ಗೊತ್ತು? ಹೆತ್ತವರು ಒಂದು ದೇಶದಲ್ಲಿ, ಮಕ್ಕಳು ಒಂದು ದೇಶದಲ್ಲಿ ಆದವರು ಎಲೆಯನ್ನು ಯಾವ ದಿಕ್ಕಿಗೆ ಇಡಬೇಕೆಂದು ನಮ್ಮ ಅಜ್ಜಿಯೂ ಹೇಳಿಕೊಟ್ಟಿರಲಿಲ್ಲ.

"ಕ್ರಮದಲ್ಲಿ ಇರುವ ಹಾಗೆ ತೆಂಕಿಗೇ ಇಡು ಅಕ್ಕ" ಎಂದ ಸೆಲ್ವ ಕೊನೆಗೆ.

ರಾಕಮ್ಮ ಆ ಕಡೆಗೊಮ್ಮೆ ತಿರುಗಿ ನೋಡಿದಳು.

"ತೆಂಕಿನಲ್ಲಿ ಬರೀ ಸಮುದ್ರ ಅಲ್ವಾ ತಂಬಿ" ಎಂದಳು.

ಎಲೆ ಇನ್ನೂ ಅವಳ ಕೈಯಲ್ಲಿತ್ತು. ಅಷ್ಟರಲ್ಲಿ ನಮ್ಮ ಗುಡ್ಡದ ಮೇಲೆ ಮಳೆ ಜೋರಾಗಿ ಬಂದು ನೆಟ್‌ವರ್ಕ್ ಹೋಯಿತು. ಅವಳು ಅದನ್ನು ಯಾವ ಕಡೆಗೆ ಇಟ್ಟಳೆಂದು ನಾವು ಕಾಣಲಿಲ್ಲ. ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದರೂ ಸೆಲ್ವ ಅದೊಂದನ್ನು ಅಕ್ಕನಲ್ಲಿ ಕೇಳಲಿಲ್ಲ.